ಮಾತು ಬಿದ್ದದ್ದು ಕಿವಿಗೆ, ಏರಿದ್ದು ಬಿಪಿ!



ಮೀಟಿಂಗಿನಲ್ಲಿ ಎಲ್ಲರೆದುರು ಬಾಸ್ ಏನೋ ಅಂದುಬಿಡುತ್ತಾರೆ. ಹಿಂದಿಯಲ್ಲೋ ಮರಾಠಿಯಲ್ಲೋ ಒಂದು ಪದ ತಪ್ಪಿದರೆ ಪಕ್ಕದವರು ನಗುತ್ತಾರೆ. ರಜೆಗೆಂದು ಊರಿಗೆ ಹೋದರೆ ಅಲ್ಲಿ ದೊಡ್ಡಮ್ಮ, "ನಿಮ್ಮ ಮಕ್ಕಳಿಗೆ ಕನ್ನಡವೇ ನೆಟ್ಟಗೆ ಬರಲ್ವಲ್ಲ!" ಹೊರನಾಡಿನಲ್ಲಿರುವ ನಮಗೆ ಎರಡೂ ಕಡೆಯಿಂದ ಟೀಕೆ. ರಾತ್ರಿ ಮಲಗಿದಾಗ ಅದೇ ಮಾತು ನೆನಪಾಗಿ ಎದೆ ಡವಡವ ಎನ್ನುತ್ತದೆ, ಅಲ್ಲವೇ?

ಇದು ಬರೀ ಮನಸ್ಸಿನ ವಿಷಯವಲ್ಲ. ಚುಚ್ಚುಮಾತನ್ನು ಮೆದುಳು ಅಪಾಯವೆಂದೇ ತಿಳಿಯುತ್ತದೆ. ಅಡ್ರಿನಲಿನ್ ನಾಡಿಯನ್ನೂ ಬಿಪಿಯನ್ನೂ ಏರಿಸುತ್ತದೆ, ಹಿಂದೆಯೇ ಕಾರ್ಟಿಸಾಲ್ ಬರುತ್ತದೆ. 1993ರಲ್ಲಿ ಜರ್ಮನಿಯ ಟ್ರಿಯರ್‌ನ ಸಂಶೋಧಕರು ಒಂದು ಪರೀಕ್ಷೆ ಪ್ರಕಟಿಸಿದರು. ತೀರ್ಪುಗಾರರ ಮುಂದೆ 5 ನಿಮಿಷ ಭಾಷಣ, ಆಮೇಲೆ 1022ರಿಂದ 13 ಕಳೆಯುತ್ತಾ ಹೋಗಬೇಕು, ತಪ್ಪಿದರೆ ಮತ್ತೆ ಮೊದಲಿನಿಂದ. ಅಷ್ಟಕ್ಕೇ ಕಾರ್ಟಿಸಾಲ್ ಎರಡರಿಂದ ನಾಲ್ಕು ಪಟ್ಟು ಏರಿತು! 2004ರಲ್ಲಿ ಇಂಥ 208 ಅಧ್ಯಯನಗಳನ್ನು ಒಟ್ಟಿಗೆ ನೋಡಿದಾಗ ತಿಳಿದದ್ದು: ಇತರರು ನಮ್ಮನ್ನು ಅಳೆಯುತ್ತಿರುವಾಗ, ಅದೂ ಪರಿಸ್ಥಿತಿ ನಮ್ಮ ಕೈಯಲ್ಲಿ ಇಲ್ಲದಿದ್ದಾಗ, ದೇಹ ಅತಿ ಹೆಚ್ಚು ಕೆರಳುತ್ತದೆ.

ಆ ಏರಿಕೆ ತಾನಾಗಿ ಇಳಿಯುತ್ತದೆ. ಇಳಿಯಲು ಬಿಡದವರು ನಾವೇ. ಬಾಸ್ ಬೈದದ್ದು ಒಂದು ಸಲ, ನಾವು ನಮ್ಮನ್ನು ಬೈದುಕೊಳ್ಳುವುದು ನೂರು ಸಲ.

ಹಾಗಾದರೆ ಏನು ಮಾಡಬೇಕು? ಕನ್ನಡಿ ಮುಂದೆ ನಿಂತು "ನಾನೇ ಗ್ರೇಟ್" ಎನ್ನುವುದರಲ್ಲಿ ನನಗೆ ನಂಬಿಕೆಯಿಲ್ಲ. ಆದರೆ 2005ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ, ಇಂಥದ್ದೇ ಒತ್ತಡದ ಪರೀಕ್ಷೆಗೆ ಮುಂಚೆ ತಮಗೆ ಮುಖ್ಯವಾದ ಮೌಲ್ಯದ ಬಗ್ಗೆ ಯೋಚಿಸಿದವರಲ್ಲಿ ಕಾರ್ಟಿಸಾಲ್ ಕಡಿಮೆ ಏರಿತು. ಅದು ಹೊಗಳಿಕೆಯಲ್ಲ, ನೆನಪಿಸಿಕೊಳ್ಳುವುದು ಅಷ್ಟೇ. ನೀವೂ ವಾರಕ್ಕೊಮ್ಮೆ ಹತ್ತು ನಿಮಿಷ ನೋಟ್‌ಬುಕ್ಕಿನಲ್ಲಿ ಬರೆಯಿರಿ, ಕನ್ನಡದಲ್ಲೇ. ಊರಿನಲ್ಲಿರುವ ತಾಯಿಗೆ ದಿನವೂ ಫೋನ್ ಮಾಡುವುದು, ಯಾರಿಗೂ ಮೋಸ ಮಾಡದೆ ಅಂಗಡಿ ನಡೆಸುವುದು, ಯಾವುದು ನಿಮಗೆ ದೊಡ್ಡದೋ ಅದು. ಬಾಸ್ ಕೊಟ್ಟದ್ದಲ್ಲ, ಹಾಗಾಗಿ ಅವರು ಕಿತ್ತುಕೊಳ್ಳಲೂ ಆಗದು.

ಟೀಕೆಯನ್ನೂ ಎರಡು ಭಾಗ ಮಾಡಿ. "ಈ ರಿಪೋರ್ಟಿನಲ್ಲಿ ಲೆಕ್ಕ ತಪ್ಪಿದೆ" ಎಂಬುದು ಕೆಲಸದ ಮಾತು, ತಿದ್ದಿಕೊಳ್ಳಿ. "ನಿನ್ನ ಕೈಲಿ ಏನೂ ಆಗಲ್ಲ" ಎಂಬುದು ಅವರ ಅಭಿಪ್ರಾಯ. ಅದನ್ನು ಮನೆಗೆ ಹೊತ್ತು ತರಬೇಡಿ, ಮಕ್ಕಳ ಮೇಲೆ ಇಳಿಸಲೂ ಬೇಡಿ. ಸಿಗರೇಟು, ಪೆಗ್ಗು ಇದಕ್ಕೆ ಔಷಧಿಯಲ್ಲ.

ಜಗಳವಾದ ತಕ್ಷಣ ಬಿಪಿ ನೋಡಿ ಗಾಬರಿಯಾಗುವವರು ಬಹಳ ಜನ. ಬೆನ್ನಿಗೆ ಆಸರೆ ಕೊಟ್ಟು 5 ನಿಮಿಷ ಸುಮ್ಮನೆ ಕುಳಿತು ಆಮೇಲೆ ಅಳೆಯಿರಿ. ಹಲವು ದಿನಗಳ ಸರಾಸರಿ 135/85 ಅಥವಾ ಹೆಚ್ಚಿದ್ದರೆ ವೈದ್ಯರನ್ನು ಕಾಣಿ. ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ.

ಒಂದು ಎಚ್ಚರಿಕೆ. ಎದೆಯಲ್ಲಿ ಭಾರ, ಅದು ಕೈಗೋ ದವಡೆಗೋ ಹರಡುವುದು, ತಣ್ಣನೆ ಬೆವರು, ಉಸಿರು ಕಟ್ಟುವುದು, ಇವು ಬಂದರೆ "ಅವರು ಅಂದದ್ದಕ್ಕೆ ಟೆನ್ಷನ್" ಎಂದು ಮಲಗಬೇಡಿ. 112ಕ್ಕೆ ಕರೆ ಮಾಡಿ, ಇಸಿಜಿ ಇರುವ ಆಸ್ಪತ್ರೆಗೆ ಹೋಗಿ. ತೀವ್ರ ಮನನೋವಿನ ನಂತರ ಹೃದಯದ ಸ್ನಾಯು ತಾತ್ಕಾಲಿಕವಾಗಿ ದುರ್ಬಲವಾಗುವುದೂ ಉಂಟು. 1990ರಲ್ಲಿ ಜಪಾನಿನ ವೈದ್ಯರು ಅದಕ್ಕೆ ಟಾಕೋಟ್ಸುಬೊ ಎಂದು ಹೆಸರಿಟ್ಟರು. ಮುಟ್ಟು ನಿಂತ ಹೆಂಗಸರಲ್ಲಿ ಹೆಚ್ಚು. ಲಕ್ಷಣ ಥೇಟ್ ಹಾರ್ಟ್ ಅಟ್ಯಾಕಿನದೇ, ಮನೆಯಲ್ಲಿ ಕುಳಿತು ಬೇರೆ ಮಾಡಲಾಗದು. ಮೊದಲ ಇಸಿಜಿ ನಾರ್ಮಲ್ ಬಂದರೂ ನೋವಿದ್ದರೆ ಎದ್ದು ಬರಬೇಡಿ, ಟ್ರೋಪೋನಿನ್ ರಕ್ತಪರೀಕ್ಷೆಯನ್ನು ಕೆಲವು ಗಂಟೆ ಬಿಟ್ಟು ಮತ್ತೆ ಮಾಡಬೇಕಾಗಬಹುದು.