ಸ್ವಿಚ್ ಆರಿಸಿದರೂ ಉಳಿಯುವ ಆವೇಶ

ಕೊಡಂಬಲವಿರಲಿ, ಹುಮನಾಬಾದ್ ಇರಲಿ, ಸಿಂಗಲ್ ಫೇಸ್ ಪಂಪಿನ ಸ್ಟಾರ್ಟರ್ ಡಬ್ಬಿಯನ್ನು ತೆರೆದರೆ ಒಳಗೆ ಉರುಟಾದ ಕೆಪಾಸಿಟರ್ ಕಾಣಸಿಗುತ್ತದೆ. ರೈತರ ಬಾಯಲ್ಲಿ ಅದು ಕಂಡೆನ್ಸರ್. ಕರೆಂಟ್ ತೆಗೆದ ಮೇಲೂ ಅದನ್ನು ಮುಟ್ಟಿದವರಿಗೆ ಒಮ್ಮೊಮ್ಮೆ ಬಲವಾದ ಹೊಡೆತ ಬೀಳುತ್ತದೆ. ಕಾರಣ ತಿಳಿಯಬೇಕಾದರೆ ಪಿಯುಸಿ ಪಠ್ಯದ ಸಮಾಂತರ ಫಲಕಗಳತ್ತ ನೋಡಬೇಕು.

ಎದುರುಬದುರಾಗಿ ಹತ್ತಿರವಿಟ್ಟ ಎರಡು ಲೋಹದ ಫಲಕಗಳಲ್ಲಿ ಒಂದಕ್ಕೆ ಧನಾವೇಶವನ್ನೂ ಇನ್ನೊಂದಕ್ಕೆ ಅಷ್ಟೇ ಋಣಾವೇಶವನ್ನೂ ಕೊಟ್ಟರೆ, ಆವೇಶ ಫಲಕದ ಎರಡೂ ಬದಿಗೆ ಸಮನಾಗಿ ಹರಡುವುದೆಂದು ಹಲವರು ಭಾವಿಸುತ್ತಾರೆ. ಹಾಗಾಗುವುದಿಲ್ಲ. ಪರಸ್ಪರ ಆಕರ್ಷಣೆಯಿಂದ ಬಹುಪಾಲು ಆವೇಶವೆಲ್ಲ ಒಂದನ್ನೊಂದು ನೋಡುವ ಒಳಮೈಗೆ ಬಂದು ನಿಲ್ಲುತ್ತದೆ, ಹೊರಮೈ ಬರಿದಾಗಿರುತ್ತದೆ. ಒಳಮೈಯ ನಡುಭಾಗದಲ್ಲಿ ಹಂಚಿಕೆ ಏಕರೂಪ, ಅಂಚಿನಲ್ಲಿ ಮಾತ್ರ ತುಸು ದಟ್ಟ.

ಆವೇಶಗಳು ಸಮವಿಲ್ಲದಿದ್ದರೆ? ಒಂದು ಫಲಕಕ್ಕೆ 5, ಇನ್ನೊಂದಕ್ಕೆ 1 ಮೈಕ್ರೋಕೂಲಂಬ್ ಧನಾವೇಶ ಕೊಟ್ಟಿದ್ದೇವೆನ್ನೋಣ. ಲೋಹದೊಳಗೆ ವಿದ್ಯುತ್ ಕ್ಷೇತ್ರ ಶೂನ್ಯವಾಗಿರಬೇಕೆಂಬ ನಿಯಮದಂತೆ ಎರಡೂ ಹೊರಮೈಗಳಲ್ಲಿ ತಲಾ 3, ಒಳಮೈಗಳಲ್ಲಿ +2 ಮತ್ತು -2 ನೆಲೆಸುತ್ತವೆ. ಎರಡನೆಯ ಫಲಕದಲ್ಲಿ 3ಕ್ಕೆ -2 ಸೇರಿ 1 ಆಯಿತು, ಲೆಕ್ಕ ಸರಿಹೋಯಿತು. ಪರೀಕ್ಷೆಯಲ್ಲಿ ವಿದ್ಯಾರ್ಥಿಗಳು ಎಡವುವುದು ಇಲ್ಲಿಯೇ.

ಫ್ಯಾನಿಗೆ ಹಾಕುವ 2.5 ಮೈಕ್ರೋಫ್ಯಾರಡ್ ಕೆಪಾಸಿಟರನ್ನು ಒಂದು ಮಿಲಿಮೀಟರ್ ಗಾಳಿಯ ಅಂತರದಲ್ಲಿ ತಗಡುಗಳಿಂದ ಮಾಡಹೊರಟರೆ, ಒಂದೊಂದು ತಗಡೂ ಸುಮಾರು 282 ಚದರ ಮೀಟರ್, ಅಂದರೆ ಮೂರು ಗುಂಟೆಗೆ ತುಸು ಕಡಿಮೆ ಇರಬೇಕಾಗುತ್ತದೆ! ಕೆಲವೇ ಮೈಕ್ರಾನ್ ದಪ್ಪದ ಪ್ಲಾಸ್ಟಿಕ್ ಹಾಳೆಯ ಮೇಲೆ ಲೋಹದ ತೆಳುಲೇಪ ಕೊಟ್ಟು ಸುರುಳಿ ಸುತ್ತುವುದರಿಂದಲೇ ಅದು ಅಂಗೈಯಲ್ಲಿ ಹಿಡಿಯುತ್ತದೆ.

ಒಳಮೈಯ ಆವೇಶವನ್ನು ಎದುರಿನ ಆವೇಶವೇ ಹಿಡಿದಿಟ್ಟಿರುತ್ತದೆ. ಆದ್ದರಿಂದ ಒಂದೇ ತುದಿಯನ್ನು ಭೂಮಿಗೆ ತಾಗಿಸಿದರೆ ಅದು ಖಾಲಿಯಾಗದು. ಎರಡೂ ತುದಿಗಳ ನಡುವೆ ದಾರಿಯಾಗಬೇಕು. ಆ ದಾರಿ ನಮ್ಮ ಕೈಯಾದರೆ ಅಪಾಯ. ಮೋಟಾರು ಚಾಲೂ ಆದೊಡನೆ ಸುತ್ತಿನಿಂದ ಕಳಚಿಕೊಳ್ಳುವ ಸ್ಟಾರ್ಟ್ ಕೆಪಾಸಿಟರಿನಲ್ಲಿ ಈ ಭಯ ಹೆಚ್ಚು. 230 ವೋಲ್ಟಿನ ಪರ್ಯಾಯ ವಿದ್ಯುತ್ತಿನ ಶಿಖರ ಸುಮಾರು 325 ವೋಲ್ಟ್. ಯಾವ ಕ್ಷಣದಲ್ಲಿ ಕಳಚಿತೆಂಬುದರ ಮೇಲೆ ಉಳಿಕೆ ನಿಂತಿದೆ. ಒಮ್ಮೆ ಏನೂ ಆಗಲಿಲ್ಲವೆಂದು ಮತ್ತೊಮ್ಮೆ ಧೈರ್ಯ ಮಾಡುವಂತಿಲ್ಲ.

ಸ್ಕ್ರೂಡ್ರೈವರ್ ಅಡ್ಡವಿಟ್ಟು ಕಿಡಿ ಹಾರಿಸುವುದು ಮೆಕ್ಯಾನಿಕರ ಹಳೆಯ ರೂಢಿ. ಅದರಿಂದ ಕೆಪಾಸಿಟರೂ ಕೆಡಬಹುದು, ಕಣ್ಣಿಗೂ ಕೇಡು. ಮೇನ್ ಸ್ವಿಚ್ ತೆಗೆದು, ಹೊದಿಕೆಯುಳ್ಳ ತಂತಿ ಜೋಡಿಸಿದ 230 ವೋಲ್ಟಿನ ಹಳೆಯ ಮಾದರಿಯ ತಂತುಬಲ್ಬನ್ನು ಎರಡೂ ತುದಿಗಳಿಗೆ ಕೆಲವು ಸೆಕೆಂಡು ತಾಗಿಸಬೇಕು. ಮೀಟರಿನಲ್ಲಿ ಶೂನ್ಯ ಕಂಡ ಮೇಲೆಯೇ ಕೈಹಾಕಬೇಕು.