ಮರೆವಿನವರಿಗೆ ಆಶ್ರಯ ಹುಡುಕುವಾಗ

ರಾಗಿ ತೆನೆಗಟ್ಟುವ ಕಾಲಕ್ಕೆ ಸಾನಮಾವಿನ ಕಾಡಂಚಿನಲ್ಲಿ ಆನೆಗಳು ಹೊಲಕ್ಕಿಳಿಯುವುದು ವಾಚಕರಿಗೆ ಹೊಸ ಸಂಗತಿಯಲ್ಲ. ಅಂಥದೊಂದು ರಾತ್ರಿ ನಮ್ಮ ತಾಯಿಯವರು ತವರಿಗೆ ಹೋಗಬೇಕೆಂದು ಚಿಲಕ ತೆಗೆದು ಹೊರನಡೆದಿದ್ದರು. ಬೆಂಗಳೂರಿನ ವೈದ್ಯರು ಅದನ್ನು ಡಿಮೆನ್ಷಿಯಾ ಎಂದರು. ವಯಸ್ಸಿನ ಮರೆವೆಂದು ನಾವು ಎರಡು ವರ್ಷ ಕಳೆದಿದ್ದೆವು. ಉಪಾಧ್ಯಾಯ ತರಬೇತಿಯಲ್ಲಿ ಮಕ್ಕಳ ಮನಸ್ಸನ್ನು ಓದಿದೆವೇ ಹೊರತು ವೃದ್ಧರದನ್ನಲ್ಲ.

2023ರಲ್ಲಿ ಪ್ರಕಟವಾದ ಅಧ್ಯಯನವೊಂದರ ಅಂದಾಜಿನಂತೆ ಭಾರತದಲ್ಲಿ 60 ವರ್ಷ ದಾಟಿದ ಸುಮಾರು 88 ಲಕ್ಷ ಜನರಿಗೆ ಈ ವ್ಯಾಧಿಯಿದೆ. ಇವರಿಗೆಂದೇ ಇರುವ ಆಶ್ರಯಧಾಮಗಳಾದರೋ ವಿರಳ. ಬೆಂಗಳೂರಿನ ಕಸ್ತೂರಿನಗರದಲ್ಲಿ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ 2010ರಲ್ಲಿ ತೆರೆದ ಕೇಂದ್ರ ಅಂಥವುಗಳಲ್ಲೊಂದು.

ನಾವು ಮೊದಲು ನೋಡಿದ ಧಾಮವೊಂದರಲ್ಲಿ ನೆಲ ಕನ್ನಡಿಯಂತೆ ಹೊಳೆಯುತ್ತಿತ್ತು. "ನೀರು ಕೊಡವ್ವ" ಎಂದು ತಾಯಿಯವರು ಎರಡು ಸಲ ಕೇಳಿದರು. ದಾದಿ ನಕ್ಕು ಸುಮ್ಮನಾದಳು. ಆಕೆಗೆ ಕನ್ನಡ ಬಾರದು. ಈ ವ್ಯಾಧಿಯಲ್ಲಿ ಈಚಿನ ನೆನಪು ಮೊದಲು ಅಳಿದು ಬಾಲ್ಯದ್ದು ಹೆಚ್ಚು ಕಾಲ ಉಳಿಯುತ್ತದೆ. ಸಂತೆಯಲ್ಲಿ ಕಲಿತ ತಮಿಳು ತಾಯಿಯವರಿಂದ ಆಗಲೇ ಜಾರಿತ್ತು. ಆದುದರಿಂದ ಗಡಿನಾಡಿನವರು ಮೊಟ್ಟಮೊದಲು ಕೇಳತಕ್ಕದ್ದು ಭಾಷೆಯನ್ನು. ಬಳಿಕ, ರಾತ್ರಿ ಪಾಳಿಯಲ್ಲಿ ಎಷ್ಟು ಮಂದಿ? ಅಲೆದಾಡುವವರನ್ನು ಕಟ್ಟಿಹಾಕುವರೋ, ಸುತ್ತುಗೋಡೆಯೊಳಗೆ ನಡೆಯಲು ಬಿಡುವರೋ? ಔಷಧದ ಖರ್ಚು ಶುಲ್ಕದಲ್ಲಿ ಸೇರಿದೆಯೇ? ಊಟದ ಹೊತ್ತಿಗೆ ಹೇಳದೆಯೇ ಹೋಗಿ ನೋಡುವುದು ಲೇಸು.

ಹೆತ್ತವಳನ್ನು ಹೊರಹಾಕಿದರೆಂದು ಊರವರು ಆಡಿಕೊಂಡರು. ಮೂರು ವರ್ಷ ರಾತ್ರಿ ನಿದ್ದೆಗೆಟ್ಟವರು ನಮ್ಮ ಮನೆಯಾಕೆ, ಆಡಿದವರಲ್ಲ.

ಈಗ ತಾಯಿಯವರಿರುವ ಧಾಮದ ದಾದಿಯರಿಗೆ ಕನ್ನಡ ಬರುತ್ತದೆ. ಭಾನುವಾರ ಹೋದರೆ ನಮ್ಮನ್ನು ತಮ್ಮ ಅಣ್ಣನೆಂದೇ ಬಗೆದು, "ರಾಗಿ ಕುಯ್ದಾಯ್ತೇನಣ್ಣ?" ಎನ್ನುತ್ತಾರೆ. ಆಯಿತೆನ್ನುತ್ತೇವೆ.