ಇಂಗ್ಲಿಷಿನ ಮೂರು ಸಣ್ಣ ಮಾತುಗಳು

ಕೆಲವು ವರ್ಷಗಳ ಹಿಂದಿನ ಮಾತು. ಫೋರ್ಟಿನ ಉಡುಪಿ ಹೊಟೇಲೊಂದರಲ್ಲಿ ಹಗಲು ಗಲ್ಲಾದ ಮೇಲೆ ಕುಳಿತು, ರಾತ್ರಿ ಶಾಲೆಯಲ್ಲಿ ಓದುತ್ತಿದ್ದ ತರುಣನೊಬ್ಬನು ತಾನು ಬರೆದ ಅರ್ಜಿಯನ್ನು ತಿದ್ದಿಕೊಡಬೇಕೆಂದು ನಮ್ಮಲ್ಲಿಗೆ ತಂದನು. ಕಚೇರಿಯೊಂದರಲ್ಲಿ ಗುಮಾಸ್ತೆಯ ಕೆಲಸ ಖಾಲಿ ಇತ್ತು. ಅಕ್ಷರ ದುಂಡಾಗಿತ್ತು, ಕಾಗದ ಶುಭ್ರವಾಗಿತ್ತು, ವಿನಯಕ್ಕಂತೂ ಕೊರತೆಯೇ ಇರಲಿಲ್ಲ. ಆದರೆ ನಡುವೆ ಒಂದು ವಾಕ್ಯ: ‘ಐ ಹ್ಯಾವ್ ಲಿಟಲ್ ಎಕ್ಸ್‌ಪೀರಿಯನ್ಸ್ ಆಫ್ ಅಕೌಂಟ್ಸ್.’ ನಾಲ್ಕು ವರ್ಷ ದಿನದ ವ್ಯಾಪಾರದ ಲೆಕ್ಕವನ್ನು ಪೈಸೆ ತಪ್ಪದೆ ಧಣಿಗಳಿಗೆ ಒಪ್ಪಿಸಿದ ಹುಡುಗನು, ತನಗೆ ಲೆಕ್ಕಪತ್ರದ ಅನುಭವ ಇಲ್ಲವೆನ್ನುವಷ್ಟು ಕಡಿಮೆಯೆಂದು ಕೈಯಾರೆ ಬರೆದುಕೊಟ್ಟಿದ್ದನು! ‘ಲಿಟಲ್’ ಎಂಬುದಕ್ಕೆ ಮೊದಲು ನಾವು ಒಂದು ‘ಎ’ಯನ್ನು ಸೇರಿಸಿದೆವು. ‘ಎ ಲಿಟಲ್’ ಎಂದೊಡನೆ ಸ್ವಲ್ಪಮಟ್ಟಿಗಾದರೂ ಅನುಭವ ಉಂಟೆಂದಾಯಿತು.

“ಒಂದು ಅಕ್ಷರದಿಂದ ಇಷ್ಟೆಲ್ಲ ಆಗ್ತದಾ ಮಾಷ್ಟ್ರೇ?” ಎಂದು ಅವನು ಕೇಳಿದನು.

ಆಗುತ್ತದೆ. ‘ಫ್ಯೂ ಕಸ್ಟಮರ್ಸ್ ಕೇಮ್’ ಎಂದರೆ ಗಿರಾಕಿಗಳು ಬರಲೇ ಇಲ್ಲವೆಂಬ ಕೊರಗು. ‘ಎ ಫ್ಯೂ ಕಸ್ಟಮರ್ಸ್ ಕೇಮ್’ ಎಂದರೆ ನಾಲ್ಕು ಜನರಾದರೂ ಬಂದರೆಂಬ ಸಮಾಧಾನ. ಇಂಗ್ಲಿಷ್ ವ್ಯಾಕರಣದಲ್ಲಿ ‘ಎ’, ‘ಆ್ಯನ್’, ‘ದಿ’ ಎಂಬ ಈ ಮೂರು ಸಣ್ಣ ಮಾತುಗಳಿಗೆ ‘ಆರ್ಟಿಕಲ್’ ಎಂದು ಹೆಸರು. ಪತ್ರಿಕೆಯ ಲೇಖನವೂ ಆರ್ಟಿಕಲ್, ಅಂಗಡಿಯ ಸಾಮಾನೂ ಆರ್ಟಿಕಲ್. ಹೆಸರಿಡುವುದರಲ್ಲಿ ಆಂಗ್ಲರು ಬಹಳ ಜಿಪುಣರು.

ಈ ಮಾತುಗಳು ನಮ್ಮವರಿಗೆ ತೊಡಕಾಗುವುದು ಬುದ್ಧಿ ಮಂದವಾದುದರಿಂದಲ್ಲ. ಕನ್ನಡದಲ್ಲಿ ಅವು ಇಲ್ಲದಿರುವುದರಿಂದ. ಸಂಸ್ಕೃತದಲ್ಲಿಯೂ ಇಲ್ಲ, ಲ್ಯಾಟಿನ್ ಭಾಷೆಯಲ್ಲಿಯೂ ಇರಲಿಲ್ಲ, ಇಂದಿನ ರಷ್ಯನ್ ಭಾಷೆಯಲ್ಲಿಯೂ ಇಲ್ಲ. ಹಾಗೆಂದು ಅವುಗಳ ಹಿಂದಿನ ತಿಳಿವಳಿಕೆ ನಮಗಿಲ್ಲವೆನ್ನಲಾಗದು. ‘ಒಬ್ಬ ಗಿರಾಕಿ ಬಂದಿದ್ದಾನೆ’ ಎಂದು ಮಾಣಿ ಹೇಳಿದರೆ, ಬಂದವನು ಯಾರೋ ಅಪರಿಚಿತ. ‘ಆ ಗಿರಾಕಿ ಬಂದಿದ್ದಾನೆ’ ಎಂದರೆ, ನಿನ್ನೆ ಸಾಂಬಾರಿನ ವಿಷಯದಲ್ಲಿ ಜಗಳವಾಡಿದವನೇ ಬಂದನೆಂದು ಗಲ್ಲಾದವರಿಗೆ ತಿಳಿಯುತ್ತದೆ. ಇನ್ನೂ ಸೂಕ್ಷ್ಮವಾದುದೊಂದಿದೆ. ‘ಮಾಣಿ ಪುಸ್ತಕ ತಂದ’ ಎಂದರೆ ಯಾವುದೋ ಪುಸ್ತಕ. ‘ಮಾಣಿ ಪುಸ್ತಕವನ್ನು ತಂದ’ ಎಂದರೆ ಬಹುಮಟ್ಟಿಗೆ ನಾವು ಬಲ್ಲ, ನಾವು ಕೇಳಿದ ಪುಸ್ತಕ. ಆಂಗ್ಲನು ನಾಮಪದದ ತಲೆಯ ಮೇಲೆ ಇಡುವ ಗುರುತನ್ನು ನಾವು ವಿಭಕ್ತಿಯ ರೂಪದಲ್ಲಿ ಬಾಲಕ್ಕೆ ಕಟ್ಟುತ್ತೇವೆ. ಇಂಗ್ಲಿಷಿನಲ್ಲಿಯೂ ‘ಆ್ಯನ್’ ಹುಟ್ಟಿದ್ದು ‘ಒಂದು’ ಎಂಬರ್ಥದ ಹಳೆಯ ಶಬ್ದದಿಂದ, ‘ದಿ’ ಎಂಬುದು ‘ದ್ಯಾಟ್’ ಎಂಬುದರ ಬಂಧು. ಆದಕಾರಣ ಕೇಳುವವನಿಗೆ ಯಾವುದೆಂದು ಗೊತ್ತಿಲ್ಲದ ಒಂದು ವಸ್ತುವಿಗೆ ‘ಎ’, ಅವನೂ ಬಲ್ಲ ವಸ್ತುವಿಗೆ ‘ದಿ’ ಎಂಬಷ್ಟನ್ನು ಹಿಡಿದುಕೊಂಡರೆ ಅರ್ಧ ದಾರಿ ಸಾಗಿದಂತೆ.

ನಮ್ಮವರ ಇಂಗ್ಲಿಷಿನಿಂದ ಇವು ಉದುರಿಹೋಗಲು ಬೇರೊಂದು ಕಾರಣವೂ ಇದ್ದಿರಬೇಕೆಂದು ನಮಗೆ ತೋರುತ್ತದೆ. ಊರಿನಿಂದ ಮುಂಬಯಿಗೆ, ಮುಂಬಯಿಯಿಂದ ಊರಿಗೆ ಇಂಗ್ಲಿಷು ಹರಿದಾಡಿದ್ದು ಬಹುಕಾಲ ತಂತಿಯ ಮೇಲೆ. ‘ಮದರ್ ಸೀರಿಯಸ್ ಸ್ಟಾರ್ಟ್ ಇಮ್ಮೀಡಿಯೆಟ್ಲಿ.’ ಪದವೊಂದಕ್ಕೆ ಇಷ್ಟೆಂದು ಹಣ ತೆರುವಾಗ ‘ದಿ’ಗೆ ಕಾಸು ಕೊಡುವವರಾರು? ತಂತಿ ಸೇವೆಯು 2013ರ ಜುಲೈ ತಿಂಗಳಲ್ಲಿ ನಿಂತುಹೋಯಿತು. ಆದರೆ ನಾಮಫಲಕಗಳೂ ಪತ್ರಿಕೆಗಳ ತಲೆಬರಹಗಳೂ ಇಂದಿಗೂ ಅದೇ ಮಿತವ್ಯಯವನ್ನು ಪಾಲಿಸುತ್ತವೆ. ಅವುಗಳನ್ನೇ ಓದಿ ಕಲಿತವನು ರಜೆಯ ಅರ್ಜಿಯನ್ನೂ ತಂತಿಯಂತೆಯೇ ಬರೆಯುತ್ತಾನೆ.

‘ಎ’ ಎಲ್ಲಿ, ‘ಆ್ಯನ್’ ಎಲ್ಲಿ ಎಂಬುದನ್ನು ಶಾಲೆಯಲ್ಲಿ ಎಲ್ಲರೂ ಕಲಿತಿರುತ್ತಾರೆ: ಸ್ವರದ ಮೊದಲು ‘ಆ್ಯನ್’. ಸ್ವರವೆಂದರೆ ಇಲ್ಲಿ ಕಿವಿಗೆ ಕೇಳುವ ಸ್ವರ, ಕಣ್ಣಿಗೆ ಕಾಣುವ ಅಕ್ಷರವಲ್ಲ. ನಮ್ಮ ಹೊಟೇಲಿನ ತಿಂಡಿಗಳ ಪಟ್ಟಿಯನ್ನೇ ತೆಗೆದುಕೊಳ್ಳೋಣ. ‘ಎ ಮಸಾಲಾ ದೋಸಾ’, ಆದರೆ ‘ಆ್ಯನ್ ಇಡ್ಲಿ’, ‘ಆ್ಯನ್ ಉತ್ತಪ್ಪ’, ‘ಆ್ಯನ್ ಆಮ್ಲೆಟ್’. ಮಾಣಿಯ ಸಮವಸ್ತ್ರ ಮಾತ್ರ ‘ಎ ಯುನಿಫಾರ್ಮ್’. ಬರೆಯುವುದು ‘ಯು’ ಎಂಬ ಸ್ವರಾಕ್ಷರದಿಂದಲೇ ಆದರೂ ಬಾಯಲ್ಲಿ ಹೊರಡುವುದು ಯಕಾರ. ಅದೇ ನ್ಯಾಯದಿಂದ ‘ಎ ಒನ್-ರುಪೀ ನೋಟ್’, ಏಕೆಂದರೆ ‘ಒನ್’ ಎಂಬುದು ಆಂಗ್ಲನ ಬಾಯಲ್ಲಿ ವಕಾರದಿಂದ ಆರಂಭವಾಗುತ್ತದೆ. ‘ಎಚ್’ ಸದ್ದು ಮಾಡದ ಕಾರಣ ‘ಆ್ಯನ್ ಅವರ್’. ಗುಮಾಸ್ತರು ‘ಎ ಬಿ.ಎ.’ ಎಂದೂ ‘ಆ್ಯನ್ ಎಂ.ಎ.’ ಎಂದೂ ಬರೆಯಬೇಕು, ‘ಆ್ಯನ್ ಎಸ್.ಎಸ್.ಸಿ. ಸರ್ಟಿಫಿಕೇಟ್’, ‘ಆ್ಯನ್ ಎಲ್.ಐ.ಸಿ. ಏಜೆಂಟ್’.

ಕನ್ನಡಿಗರಿಗೆ ಇಲ್ಲಿ ವಿಶೇಷವಾದ ಅಪಾಯವೊಂದಿದೆ. ‘ಎಲ್ಲಿ’ಯನ್ನು ‘ಯೆಲ್ಲಿ’ ಎನ್ನುವ ನಮ್ಮ ನಾಲಗೆಯು ‘ಎಗ್’ ಎಂಬುದನ್ನು ‘ಯೆಗ್’ ಎಂದೂ ‘ಎಂ’ ಎಂಬುದನ್ನು ‘ಯೆಂ’ ಎಂದೂ ಉಚ್ಚರಿಸುತ್ತದೆ. ಆ ಯಕಾರವನ್ನು ನಂಬಿದ ಕಿವಿಯು ‘ಎ ಯೆಗ್’ ಸರಿಯೆಂದೇ ತೀರ್ಮಾನಿಸುತ್ತದೆ. ನಿಯಮ ತಪ್ಪಲಿಲ್ಲ, ಉಚ್ಚಾರ ತಪ್ಪಿತು. ತಪ್ಪಿದವರು ನಾವು ಮಾತ್ರವೇ ಎಂದು ನಾಚಬೇಕಾಗಿಲ್ಲ. ಅಡುಗೆಯವರು ಸೊಂಟಕ್ಕೆ ಕಟ್ಟುವ ‘ಏಪ್ರನ್’ ಎಂಬ ಬಟ್ಟೆಯ ಮೂಲ ಹೆಸರು ‘ನೇಪ್ರನ್’. ‘ಎ ನೇಪ್ರನ್’ ಎಂಬುದನ್ನು ಆಂಗ್ಲರೇ ‘ಆ್ಯನ್ ಏಪ್ರನ್’ ಎಂದು ಕೇಳಿಸಿಕೊಂಡು, ನಕಾರವನ್ನು ಇತ್ತ ಎಳೆದುಕೊಂಡು, ಆ ತಪ್ಪನ್ನೇ ನಿಘಂಟಿಗೆ ಸೇರಿಸಿದರು!

ಕಚೇರಿಗಳಲ್ಲಿ ನಾವು ಹೆಚ್ಚಾಗಿ ಕಾಣುವ ತಪ್ಪು ಬೇರೆ: ‘ಎ ನ್ಯೂಸ್’, ‘ಆ್ಯನ್ ಅಡ್ವೈಸ್’, ‘ಎ ಫರ್ನಿಚರ್’. ಇವು ಎಣಿಕೆಗೆ ಬಾರದ ಶಬ್ದಗಳು, ‘ಎ’ಯನ್ನು ಸಹಿಸುವುದಿಲ್ಲ. ಚಹವೂ ಎಣಿಕೆಗೆ ಬಾರದ ವಸ್ತುವೇ. ಆದರೂ ಮಾಣಿ ‘ಎ ಟೀ’ ಎಂದರೆ ತಪ್ಪಿಲ್ಲ, ಅವನು ಹೇಳುತ್ತಿರುವುದು ಒಂದು ಕಪ್ಪಿನ ಮಾತು.

ಹೆಸರುಗಳ ವಿಷಯದಲ್ಲಿ ಆಂಗ್ಲರ ನಡತೆಗೆ ಸಂಪೂರ್ಣ ಕಾರಣ ಕೊಡುವುದು ಕಷ್ಟ. ‘ದಿ ಗೇಟ್‌ವೇ ಆಫ್ ಇಂಡಿಯಾ’, ಆದರೆ ಬರಿಯ ‘ಮರೀನ್ ಡ್ರೈವ್’. 1857ರಲ್ಲಿ ಸ್ಥಾಪಿತವಾದ ವಿಶ್ವವಿದ್ಯಾಲಯವು ‘ದಿ ಯೂನಿವರ್ಸಿಟಿ ಆಫ್ ಬಾಂಬೆ’ ಆಗಿತ್ತು. ಅದನ್ನೇ ‘ಬಾಂಬೆ ಯೂನಿವರ್ಸಿಟಿ’ ಎಂದಾಗ ‘ದಿ’ ಬೇಕಿರಲಿಲ್ಲ. 1996ರಲ್ಲಿ ಹೆಸರು ಮುಂಬಯಿಯೆಂದು ಬದಲಾದರೂ ಈ ಕ್ರಮ ಬದಲಾಗಲಿಲ್ಲ. ಕಡಲಿಗೆ, ಹೊಳೆಗೆ, ಪರ್ವತಸಾಲಿಗೆ ‘ದಿ’ ಬೇಕು: ‘ದಿ ಅರೇಬಿಯನ್ ಸೀ’, ‘ದಿ ನೇತ್ರಾವತಿ’, ‘ದಿ ಸಹ್ಯಾದ್ರೀಸ್’. ಊರಿಗೆ ಬೇಡ. ರೈಲಿನಲ್ಲಿ ಬಂದೆನೆಂದರೆ ‘ಬೈ ಟ್ರೇನ್’, ಯಾವ ರೈಲೆಂದು ಹೇಳಿದರೆ ‘ಬೈ ದಿ 8.40 ಲೋಕಲ್’. ತಡವಾಗಿ ಬಂದ ಗುಮಾಸ್ತನು ಮೇಲಧಿಕಾರಿಗೆ ಎರಡನೆಯದನ್ನೇ ಹೇಳುವುದು ಲೇಸು, ನಂಬಿಕೆ ಹುಟ್ಟುತ್ತದೆ.

ಆದರೆ ನಮ್ಮ ಜನರು ಎಲ್ಲಕ್ಕಿಂತ ಮಿಗಿಲಾಗಿ ತಿಳಿಯಬೇಕಾದುದು ‘ದಿ’ಯನ್ನು ಬಿಡುವ ಸ್ಥಳ. ‘ಮೈ ಮದರ್ ಈಸ್ ಇನ್ ಹಾಸ್ಪಿಟಲ್’ ಎಂದರೆ ತಾಯಿ ರೋಗಿಯಾಗಿ ಮಲಗಿದ್ದಾಳೆ. ‘ಇನ್ ದಿ ಹಾಸ್ಪಿಟಲ್’ ಎಂದರೆ ಆ ಕಟ್ಟಡದಲ್ಲಿದ್ದಾಳೆ. ಯಾರನ್ನೋ ನೋಡಲು ಹೋಗಿರಬಹುದು. ಅಮೆರಿಕದವರು ರೋಗಿಗೂ ‘ದಿ’ ಹಚ್ಚುತ್ತಾರೆ. ನಾವು ಕಲಿತದ್ದು ಇಂಗ್ಲೆಂಡಿನ ಪದ್ಧತಿ. ವ್ಯಾಜ್ಯವುಳ್ಳವನು ‘ಗೋಸ್ ಟು ಕೋರ್ಟ್’, ವಕೀಲರ ಕಡತ ಹೊತ್ತ ಗುಮಾಸ್ತನು ‘ಗೋಸ್ ಟು ದಿ ಕೋರ್ಟ್’. ಸ್ಥಳವು ಯಾವ ಉದ್ದೇಶಕ್ಕಾಗಿ ಇದೆಯೋ ಅದೇ ಉದ್ದೇಶಕ್ಕೆ ಹೋದವನಿಗೆ ‘ದಿ’ ಬೇಕಾಗಿಲ್ಲ.

ಆ ತರುಣನಿಗೆ ಇದನ್ನು ತಿಳಿಸಲು ಬೇರೆ ಉದಾಹರಣೆ ಹುಡುಕಬೇಕಾಗಲಿಲ್ಲ. ಮೊಗವೀರ ವ್ಯವಸ್ಥಾಪಕ ಮಂಡಳಿ, ಬಿಲ್ಲವರ ಅಸೋಸಿಯೇಶನ್ ಮೊದಲಾದ ಸಂಸ್ಥೆಗಳು ಈ ನಗರದಲ್ಲಿ ನಡೆಸಿದ ರಾತ್ರಿ ಶಾಲೆಗಳಲ್ಲಿ, ಹಗಲು ಮೇಜು ಒರಸಿದ ಕೈಗಳೇ ರಾತ್ರಿ ರೆನ್ ಮತ್ತು ಮಾರ್ಟಿನರ ವ್ಯಾಕರಣವನ್ನು ತೆರೆದವು. (ಆ ರೆನ್ ಮಹಾಶಯರು ಬೊಂಬಾಯಿ ಪ್ರಾಂತದ ವಿದ್ಯಾ ಇಲಾಖೆಯಲ್ಲಿದ್ದವರು, 1924ರಲ್ಲಿ ‘ಬೋ ಜೆಸ್ಟ್’ ಎಂಬ ಸಾಹಸದ ಕಾದಂಬರಿ ಬರೆದು ಹೆಸರಾದವರು.) ಈ ಹುಡುಗನೂ ಗಲ್ಲಾಕ್ಕೆ ಏರುವ ಮುನ್ನ ಎರಡು ವರ್ಷ ಸಮೀಪದ ಶಾಲೆಯೊಂದರ ಶಿಕ್ಷಕರ ಕೊಠಡಿಗೆ ಚಹ ಒಯ್ಯುತ್ತಿದ್ದನು. ಆಗ ಅವನು ದಿನಕ್ಕೆರಡು ಸಲ ‘ವೆಂಟ್ ಟು ದಿ ಸ್ಕೂಲ್’. ರಾತ್ರಿ ಶಾಲೆಗೆ ಸೇರಿದ ಮೇಲೆ ‘ವೆಂಟ್ ಟು ಸ್ಕೂಲ್’.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದನು. ಬಳಿಕ ಅರ್ಜಿಯನ್ನು ಮತ್ತೆ ಬಿಡಿಸಿ, ‘ಐ ಆ್ಯಮ್ ಗೋಯಿಂಗ್ ಟು ದಿ ನೈಟ್ ಸ್ಕೂಲ್’ ಎಂದು ತಾನು ಬರೆದಿದ್ದ ಸಾಲಿನಲ್ಲಿ ‘ದಿ’ ಎಂಬುದನ್ನು ತಾನೇ ಹೊಡೆದುಹಾಕಿ, “ಏಳು ಗಂಟೆಗೆ ಕ್ಲಾಸುಂಟು ಮಾಷ್ಟ್ರೇ” ಎಂದು ಎದ್ದನು.